ಹೊಳೆಗಿಳಿದ ಪಿಂಜಾರ

ಕೆಲವರಿಗೆ ಕಷ್ಟ ಬಂದರೆ ನೋಡಿದವರು ಕಣ್ಣೀರು ಹಾಕುತ್ತಾರೆ. ನನಗೆ ಕಷ್ಟ ಬಂದಾಗಲೆಲ್ಲ ನೋಡಿದವರು ನಕ್ಕಿದ್ದಾರೆ. ನನ್ನ ಹಣೆಬರಹ ಬರೆದವನು ಅಳುವ ಕಥೆಯನ್ನೇ ಬರೆದ, ವೇಷ ಕೊಡುವಾಗ ಮಾತ್ರ ಹಾಸ್ಯಗಾರನದು ಕೊಟ್ಟ. ಆಮೇಲೆ ಅದನ್ನು ಬದಲಿಸುವ ನೆನಪು ಅವನಿಗೂ ಆಗಲಿಲ್ಲ.

ನಾನು ಕುಷ್ಟಗಿ ಕಡೆಯ ಪಿಂಜಾರ. ಹತ್ತಿ ಹಿಂಜುವುದು, ಗಾದಿ ತಲೆದಿಂಬು ಹೊಲಿಯುವುದು ನಮ್ಮ ಮನೆತನದ ಕಸುಬು. ನಮ್ಮ ಕಡೆ ನೀರೆಂದರೆ ಹಗ್ಗ ಬಿಟ್ಟು ಮೇಲೆಳೆಯುವ ವಸ್ತು. ಅದು ನೆಲದ ಮೇಲೆ ತಾನಾಗಿಯೇ ಹರಿದು ಹೋಗುತ್ತದೆ, ಯಾರೂ ತಡೆಯುವುದಿಲ್ಲ ಎಂಬ ಸುದ್ದಿಯನ್ನು ನಾನು ಹೆಂಡತಿಯ ಬಾಯಲ್ಲಿ ಕೇಳಿದ್ದು. ಅವಳು ಹೊಳೆದಂಡೆಯ ಊರವಳು. ತೌರಿನಲ್ಲಿ ಯಾರೂ ಉಳಿದಿರಲಿಲ್ಲ.

ನಮಗೆ ಎರಡು ಕೂಸು ಹುಟ್ಟಿ ಹೋದವು. ಮೊದಲನೆಯದು ಹೆಸರಿಡುವುದರೊಳಗೆ ಹೋಯಿತು. ಎರಡನೆಯದು ಹಲ್ಲು ಬರುವವರೆಗೆ ಇದ್ದು ಆಸೆ ತೋರಿಸಿ ಹೋಯಿತು. ಅದರ ತಲೆ ದುಂಡಗಾಗಲೆಂದು ನಾನೇ ಸಾಸಿವೆ ತುಂಬಿ ಸಣ್ಣದೊಂದು ದಿಂಬು ಹೊಲಿದಿದ್ದೆ. ಮಣ್ಣು ಮಾಡಿ ಬಂದ ಎಷ್ಟೋ ದಿನಕ್ಕೆ ಅವಳು ಆ ದಿಂಬು ಬಿಚ್ಚಿ ಸಾಸಿವೆಯನ್ನು ಅಡಿಗೆಮನೆಗೆ ಒಯ್ದಳು. ಒಗ್ಗರಣೆಯಲ್ಲಿ ಅದು ಸಿಡಿದ ಸದ್ದು ಕೇಳಿ ಇಬ್ಬರೂ ಉಣ್ಣಲಾರದೆ ಎದ್ದೆವು.

ಅಂದಿನಿಂದ ಅವಳು ನನ್ನನ್ನು ಏನೂ ಕೇಳುವುದನ್ನು ಬಿಟ್ಟಳು. ಉಪ್ಪು ಮುಗಿದಿದೆ ಎಂದು ಕೂಡ ಹೇಳುತ್ತಿರಲಿಲ್ಲ. ಸಾರು ಬಾಯಿಗಿಟ್ಟಾಗ ನಾನೇ ತಿಳಿದುಕೊಳ್ಳಬೇಕಿತ್ತು. ಜಾಗ ಬದಲಾಯಿಸಿದರೆ ಮುಂದಿನ ಕೂಸು ಉಳಿಯುತ್ತದೆ ಎಂದು ಹಿರಿಯರು ಹೇಳಿದರು. ಹೇಗಿದ್ದರೂ ಕಂಬಳಿ ಹೊದ್ದು ಮಲಗುವ ಊರಲ್ಲಿ ಪಿಂಜಾರನಿಗೆ ಕೆಲಸ ಅಷ್ಟಕ್ಕಷ್ಟೆ. ಭತ್ತ, ಬಾಳೆ ಬೆಳೆಯುವ ಆನೆಗೊಂದಿಯವರು ಗಾದಿಯ ಮೇಲೆ ಮಲಗುತ್ತಾರೆಂದು ಕೇಳಿ, ಹತ್ತಿ ಹಿಂಜುವ ಕಮಾನು ಹೆಗಲಿಗೆ ಹಾಕಿಕೊಂಡು ಅಲ್ಲಿಗೆ ಬಂದೆವು. ಯುದ್ಧದ ಕಾಲ. ನಿಜಾಮನ ರಾಜ್ಯ. ಹೊಳೆಗೆ ಇನ್ನೂ ಆಣೆಕಟ್ಟು ಆಗಿರಲಿಲ್ಲ.

ಕೊಂಡು ತಂದ ಮೀನು

ಆನೆಗೊಂದಿಗೆ ಬಂದ ಮೊದಲ ಬೇಸಿಗೆಯಲ್ಲಿ ಅವಳು ಮತ್ತೆ ಬಸುರಿ. ಇಬ್ಬರೂ ಆ ಸುದ್ದಿಯನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ. ಸಂತೋಷಪಟ್ಟರೆ ಯಾರಿಗೋ ಗೊತ್ತಾಗಿ ಬಂದು ಕಸಿದುಕೊಳ್ಳುತ್ತಾರೆ ಎನ್ನುವ ಹಾಗೆ ತಲೆ ತಗ್ಗಿಸಿ ಓಡಾಡುತ್ತಿದ್ದೆವು.

ಐದು ತಿಂಗಳಾದಾಗ ಒಂದು ಬೆಳಿಗ್ಗೆ ಒಲೆಯ ಮುಂದೆ ಕುಳಿತವಳು, ನನ್ನ ಕಡೆ ನೋಡದೆಯೇ, "ಹೊಳಿ ಮೀನ ತಿನಬೇಕಂತ ಅನಸಾಕತ್ತೈತಿ" ಅಂದಳು.

ಎಷ್ಟು ಕಾಲದ ಮೇಲೆ ಅವಳು ಬೇಕು ಅಂದದ್ದು! ನಾನು ಚಪ್ಪಲಿ ಮೆಟ್ಟಿಕೊಳ್ಳದೆ ಓಡಿದೆ. ದಂಡೆಯಲ್ಲಿ ಮೀನು ಮಾರುತ್ತಿದ್ದವಳಿಂದ ಇದ್ದುದರಲ್ಲೇ ದೊಡ್ಡದು ಆರಿಸಿ ತಂದೆ. ಬಾಗಿಲಲ್ಲಿ ಪಕ್ಕದ ಮನೆಯ ಮುದುಕಿ ಅಡ್ಡ ನಿಂತಳು. ಊರಿಗೆಲ್ಲ ಬಾಣಂತನ ಮಾಡುವ ಸೂಲಗಿತ್ತಿ. ಅವಳ ಮಾತೆಂದರೆ ಮಾತು.

ಕೊಂಡು ತಂದದ್ದೋ ಹಿಡಿದು ತಂದದ್ದೋ ಎಂದು ಕೇಳಿದಳು. ಕೊಂಡದ್ದು ಅಂದೆ. ಹಾಗಿದ್ದರೆ ಒಳಗೆ ಒಯ್ಯಬೇಡ ಅಂದಳು. ಎರಡು ಕಳಕೊಂಡವಳ ಮೂರನೆಯ ಬಯಕೆ ಪೇಟೆಯ ಮಾಲಿನಿಂದ ತೀರುವುದಿಲ್ಲವಂತೆ. ಕೂಸಿನ ಅಪ್ಪನೇ ನೀರಿಗಿಳಿದು ತನ್ನ ಕೈಯಿಂದ ಹಿಡಿದು ತರಬೇಕಂತೆ.

ಇಲ್ಲವಾದರೆ ಏನಾಗುತ್ತದೆ ಎಂದು ಕೇಳಿದೆ.

"ಬಯಕಿ ತೀರದಿದ್ರ ಕೂಸಿನ ಕಿವಿ ಸೋರ್ತೈತಿ ತಮ್ಮಾ. ಅದು ಎಲ್ಲಾರಿಗೂ. ನಿಮ್ಮ ಮನ್ಯಾಗ ಕಿವಿಯಾಗ ನಿಲ್ತೈತಿ ಅಂತ ನಾ ಹೆಂಗ ಹೇಳ್ಲಿ?"

ನನಗೆ ದುಃಖವೂ ಸಿಟ್ಟೂ ಒಟ್ಟಿಗೆ ಬಂದವು. "ಕಿವಿ ಸೋರಿದ್ರ ಸೋರ್ಲಿ ಬಿಡ ಆಯಿ, ಕಿವಿ ಇರೋ ಕೂಸು ಒಂದು ಉಳಿದ್ರ ಸಾಕು" ಅಂದೆ.

ಮುದುಕಿ ನಗಲಿಲ್ಲ. ಇಂಥ ಮಾತು ಆಡಬಾರದು, ಮೇಲಿನವನು ಯಾವುದನ್ನು ಕೇಳಿಸಿಕೊಳ್ಳುತ್ತಾನೋ ಹೇಳಬರುವುದಿಲ್ಲ ಎಂದು ಬೈದಳು. ಆಮೇಲೆ ನನ್ನ ಕೈಯಿಂದ ಮೀನು ತೆಗೆದುಕೊಂಡು ತನ್ನ ಮನೆಗೆ ನಡೆದಳು. ಕೊಂಡ ಮೀನು ಬಸುರಿಗೆ ಆಗದಿದ್ದರೂ ಸೂಲಗಿತ್ತಿಗೆ ಆಗುತ್ತದೆ ಎಂದು ಆವತ್ತು ಮಧ್ಯಾಹ್ನದ ಮಸಾಲೆ ವಾಸನೆಯಿಂದ ತಿಳಿಯಿತು.

ಪ್ರದಕ್ಷಿಣೆ

ಹೊಳೆಗೆ ಇಳಿಯಲೇಬೇಕಾಯಿತು. ಊರ ಅಂಬಿಗನೊಬ್ಬನ ಹತ್ತಿರ ಹಳೆಯದೊಂದು ಹರಗೋಲು ಸುಮ್ಮನೆ ಬಿದ್ದಿತ್ತು. ಬಿದಿರು ಹೆಣೆದು ಚರ್ಮ ಹೊದಿಸಿದ, ರೊಟ್ಟಿಬುಟ್ಟಿಯ ಹಾಗೆ ದುಂಡಗಿನ ದೋಣಿ. ಅದನ್ನು ಬಾಡಿಗೆಗೆ ಕೇಳಿದೆ. ಅವನು ದುಡ್ಡು ಬೇಡ, ನನ್ನ ಗಾದಿ ಕಲ್ಲಾಗಿದೆ, ಅದನ್ನು ಬಿಚ್ಚಿ ಹಿಂಜಿ ಹೊಸದು ಮಾಡಿಕೊಡು ಅಂದ. ಹೆಂಡತಿ ಸತ್ತ ಮೇಲೆ ಆ ಗಾದಿಗೆ ಬಿಸಿಲು ಕೂಡ ತೋರಿಸಿರಲಿಲ್ಲವಂತೆ.

ನಾನು ಮುಳುಗಿದರೆ ಗತಿಯೇನು ಎಂದು ಮೊದಲೇ ಕೇಳಿಟ್ಟುಕೊಂಡೆ. ಬೇಸಿಗೆಯಲ್ಲಿ ಹೊಳೆ ಬಂಡೆಗಳ ನಡುವೆ ಮರಳಿನ ಮೇಲೆ ತೆಳ್ಳಗೆ ಹರಡಿಕೊಂಡಿರುತ್ತದೆ. ಎಷ್ಟೋ ಕಡೆ ಮೊಣಕಾಲು ಮಟ್ಟ. ಅಂಬಿಗ ಅದನ್ನು ಕೈ ಮಾಡಿ ತೋರಿಸಿ, "ಇಲ್ಲಿ ಮುಳಗಬೇಕಂದ್ರ ಭಾಳ ಶ್ಯಾಣ್ಯಾ ಇರಬೇಕ್ರಿ ಸಾಬ್ರ" ಅಂದ.

ಹುಟ್ಟು ಹೇಗೆ ಹಾಕಬೇಕೆಂದು ಅವನು ಹೇಳಿಕೊಟ್ಟ. ಕೇಳುವಾಗ ಎಲ್ಲವೂ ತಿಳಿದಂತೆ ಇತ್ತು. ನೀರಿಗಿಳಿದು ಒಂದು ಸಲ ಎಳೆದೆ, ಹರಗೋಲು ತಿರುಗಿತು. ಸರಿ ಮಾಡೋಣವೆಂದು ಮತ್ತೊಂದು ಸಲ ಎಳೆದೆ, ಇನ್ನೂ ಜೋರಾಗಿ ತಿರುಗಿತು. ಒಮ್ಮೆ ಮುಂದೆ ಆನೆಗೊಂದಿ ಕಾಣುತ್ತಿತ್ತು, ಒಮ್ಮೆ ಆಚೆ ದಡದ ಹಂಪಿ ಕಾಣುತ್ತಿತ್ತು. ಎರಡೂ ಹತ್ತಿರ ಬರುತ್ತಿರಲಿಲ್ಲ. ಬೆಳಗಿನ ರೊಟ್ಟಿ ಗಂಟಲಿಗೆ ಬಂತು. ದೇವರೇ, ಆ ಬಡವಿಯ ಹೊಟ್ಟೆಯಲ್ಲಿ ಇರುವುದನ್ನಾದರೂ ನಿಲ್ಲಿಸು ಎಂದು ಬೇಡಿಕೊಳ್ಳುತ್ತ ತಿರುಗಿದೆ.

ದಂಡೆಯಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಪಿಂಜಾರ ಯಾಕೆ ಹೀಗೆ ತಿರುಗುತ್ತಿದ್ದಾನೆ ಎಂದು ಒಬ್ಬಳು ಕೇಳಿದ್ದು ನನಗೂ ಕೇಳಿಸಿತು.

"ಪಾಪ, ಎರಡು ಕೂಸು ಕಳಕೊಂಡಾನಂತ. ಹರಕಿ ಹೊತ್ತಿರಬೇಕವಾ" ಅಂದಳು ಇನ್ನೊಬ್ಬಳು.

ಮುಂದಿನ ಸುತ್ತಿನಲ್ಲಿ ನಾನು ಅವರ ಕಡೆ ಮುಖವಾಗಿ ಬಂದಾಗ ಅವರೆಲ್ಲ ಒಗೆಯುವುದು ನಿಲ್ಲಿಸಿ ನನಗೆ ಕೈ ಮುಗಿದರು.

ಹಗ್ಗ

ಮರುದಿನ ಬುದ್ಧಿ ಉಪಯೋಗಿಸಿದೆ. ನಮ್ಮ ಕಡೆ ಬಾವಿಗೆ ಇಳಿಯುವವನು ಸೊಂಟಕ್ಕೆ ಹಗ್ಗ ಬಿಗಿದುಕೊಂಡೇ ಇಳಿಯುತ್ತಾನೆ. ಮೇಲೆ ಒಬ್ಬರು ಹಿಡಿದಿರುತ್ತಾರೆ, ಇಲ್ಲವೇ ಮರಕ್ಕೆ ಕಟ್ಟಿರುತ್ತಾರೆ. ಬಾವಿಗೇ ಅಷ್ಟು ಜೋಪಾನ ಮಾಡುವವರು, ಹೊಳೆಗೆ ಎಷ್ಟು ಮಾಡಬೇಕು! ಮನೆಯಿಂದ ಗಟ್ಟಿ ಹಗ್ಗ ತಂದು ಒಂದು ತುದಿಯನ್ನು ದಂಡೆಯ ಜಾಲಿಗಿಡಕ್ಕೆ ಕಟ್ಟಿದೆ. ಇನ್ನೊಂದು ತುದಿಯನ್ನು ಸೊಂಟಕ್ಕೆ ಸುತ್ತಿ ಬಿಗಿದೆ. ಮನಸ್ಸಿಗೆ ಧೈರ್ಯ ಬಂತು.

ಅಂದು ಹರಗೋಲು ಹೇಳಿದ ಹಾಗೆ ಕೇಳಿತು. ತಿರುಗಲಿಲ್ಲ, ನೆಟ್ಟಗೆ ಹೊರಟಿತು. ಹುರುಪಿನಲ್ಲಿ ಜೋರಾಗಿ ಹುಟ್ಟು ಹಾಕಿದೆ. ಬಂಡೆಯ ಸಂದಿಯಲ್ಲಿ ಸೆಳವು ಸಿಕ್ಕಿತು, ಹರಗೋಲು ಓಡತೊಡಗಿತು. ಮೀನು ಹಿಡಿದು ಮನೆಗೆ ಹೋದರೆ ಅವಳ ಮುಖ ಹೇಗಾಗುತ್ತದೆ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಹಗ್ಗ ಮುಗಿಯಿತು.

ಹರಗೋಲು ಮುಂದೆ ಹೋಯಿತು, ನಾನು ಹೋಗಲಿಲ್ಲ. ಅದು ನನ್ನ ಕೆಳಗಿನಿಂದ ಜಾರಿಕೊಂಡು ತನ್ನ ಪಾಡಿಗೆ ತಾನು ಹೊರಟುಹೋಯಿತು. ನಾನು ಹುಟ್ಟು ಹಿಡಿದುಕೊಂಡೇ ಗಾಳಿಯಲ್ಲಿ ಅರೆಗಳಿಗೆ ಕುಳಿತಿದ್ದು ಆಮೇಲೆ ಮರಳಿನ ಮೇಲೆ ಕುಳಿತೆ. ನೀರು ಎದೆಯವರೆಗೆ ಬಂತು. ಕುಳಿತಿದ್ದರಿಂದ ಎದೆಯವರೆಗೆ.

ಅಂಬಿಗ ಬಂದು ಹಗ್ಗ ನೋಡಿದ, ಗಿಡ ನೋಡಿದ, ನನ್ನನ್ನು ನೋಡಿದ. ದನವೇ ನೀವು, ಗೂಟಕ್ಕೆ ಕಟ್ಟಿಕೊಳ್ಳಲು ಎಂದು ಕೇಳಿದ. ನಮ್ಮೂರಲ್ಲಿ ನೀರಿಗೆ ಇಳಿಯುವವರು ಹಗ್ಗ ಕಟ್ಟಿಕೊಂಡೇ ಇಳಿಯುತ್ತಾರೆ ಎಂದು ನಾನು ಮರ್ಯಾದೆ ಬಿಡದೆ ಹೇಳಿದೆ. ಅದರಿಂದ ಏನು ಉಪಯೋಗ ಎಂದ.

"ಹೆಣಾ ಎತ್ತಾಕ ಛಲೋ ಆಗ್ತೈತಿ" ಅಂದೆ.

ಹರಗೋಲು ಹುಡುಕಿಕೊಂಡು ಹೊಳೆಗುಂಟ ಓಡುವಾಗಲೂ ಅವನು ನಗುತ್ತಿದ್ದ. ನನ್ನ ಸೊಂಟ ಮಾತ್ರ ಮುಂದೆ ಎಷ್ಟೋ ದಿನ ನಗಲಿಲ್ಲ.

ಗಂಗವ್ವನ ಪಾಲು

ಇಷ್ಟಾದರೂ, ನೀರಿಗೆ ಕೈ ಹಾಕಿ ತಡಕಿ ತಡಕಿ ಒಂದು ಮೀನೂ ಸಿಗಲಿಲ್ಲ. ದಿನಾ ಬರಿಗೈಯಲ್ಲಿ ಮನೆಗೆ ಬರುವುದು, ಅವಳು ನನ್ನ ಕೈ ನೋಡುವುದು, ನೋಡಿಯೂ ನೋಡದವಳಂತೆ ಒಲೆ ಊದುವುದು. ಬೇಕು ಅಂದ ಬಾಯಿ ಮತ್ತೆ ಮುಚ್ಚಿಹೋಯಿತಲ್ಲ ಎನ್ನುವುದೇ ನನಗೆ ಸಂಕಟ. ಮುದುಕಿ ಬೇರೆ, ಮೀನು ಎಲ್ಲಿ ಎಂದು ದಿನಾ ಗೋಡೆಯ ಆಚೆಯಿಂದ ಕೇಳುವಳು.

ಕೊನೆಗೆ ಅಂಬಿಗನೇ ಕನಿಕರಪಟ್ಟು ಒಂದು ಗಾಳ ಕೊಟ್ಟ. ನನ್ನ ಕಮಾನಿಗೆ ಕಟ್ಟುವ ಕರುಳಿನ ಹುರಿಗೆ ಆ ಗಾಳ ಬಿಗಿದು, ಎರೆಹುಳು ಚುಚ್ಚಿ, ಒಂದು ಬಂಡೆಯ ನೆರಳಲ್ಲಿ ಹರಗೋಲು ನಿಲ್ಲಿಸಿಕೊಂಡು ಅವನೂ ನಾನೂ ಕುಳಿತೆವು. ಹೊತ್ತು ಏರಿತು. ತಟ್ಟನೆ ಹುರಿ ಬಿಗಿಯಿತು. ಎಳೆದರೆ ಮೊಳದುದ್ದದ ಮೀನು! ಹರಗೋಲಿನೊಳಗೆ ಬಿದ್ದು ಪಟಪಟ ಒದ್ದಾಡಿತು. ನಾನು ಅದರ ಮೇಲೆ ಬಿದ್ದು ಎರಡೂ ಕೈಯಲ್ಲಿ ಅಪ್ಪಿಕೊಂಡೆ.

ಅಂಬಿಗ ಮೆಲ್ಲನೆ ಕೆಮ್ಮಿದ. ಹೊಸಬನ ಮೊದಲ ಮೀನು ಗಂಗವ್ವನದು, ಅದನ್ನು ನೀರಿಗೆ ಬಿಡಬೇಕು ಅಂದ. ಬಿಡದಿದ್ದರೆ ಈ ಹರಗೋಲಿಗೆ ಇನ್ನು ಮೀನು ಬೀಳುವುದಿಲ್ಲ, ತನ್ನ ಅಪ್ಪನೂ ಅಜ್ಜನೂ ಬಿಟ್ಟವರೇ ಎಂದೂ ಹೇಳಿದ.

ನಾನು ಮೀನು ಬಿಡಲಿಲ್ಲ. ಕೈಯೇ ಬಿಚ್ಚಲಿಲ್ಲ.

"ಅಣ್ಣಾ, ನಮ್ಮನ್ಯಾಗಿಂದ ಮೊದಲಿಂದೂ ಹೋತು, ಎರಡನೇದೂ ಹೋತು. ಇನ್ನ ಎಷ್ಟ ಕೊಡಬೇಕೋ?"

ಅವನು ತಲೆಗೆ ಸುತ್ತಿದ ವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡು ಹೊಳೆಯ ಕಡೆ ನೋಡುತ್ತ ಕುಳಿತ. ಬೇಕಾದರೆ ಒಯ್ಯಿ ಎಂದು ಅವನೇ ಹೇಳಿದ್ದರೆ ಒಯ್ಯುತ್ತಿದ್ದೆನೇನೋ. ಅವನು ಸುಮ್ಮನಿದ್ದುದರಿಂದ ನನಗೆ ಹೆದರಿಕೆ ಹತ್ತಿತು. ಹೆಂಡತಿಯ ಹೊಟ್ಟೆಯಲ್ಲೊಂದು ಕೂಸು ಇರುವಾಗ ಯಾರ ಜೊತೆಗೂ ಜಗಳ ಬೇಡ ಎಂದುಕೊಂಡು ಮೀನನ್ನು ನೀರಿಗೆ ಬಿಟ್ಟೆ. ಕಣ್ಣು ಮಂಜಾದವು.

ನಾನು ಬಿಟ್ಟ ಬದಿಗೆ ನೀರು ಗೇಣು ಆಳವೂ ಇರಲಿಲ್ಲ. ಮೀನಿನ ಬೆನ್ನು ಮೇಲೆಯೇ ಇತ್ತು. ಅದು ಎತ್ತ ಹೋಗಬೇಕೆಂದು ತಿಳಿಯದೆ ಮರಳಿನ ಮೇಲೆ ಹೊರಳಾಡುತ್ತಿರುವಾಗ ಮೇಲಿನಿಂದ ಒಂದು ಹದ್ದು ಬಂದು ಎತ್ತಿಕೊಂಡು ಹಾರಿತು. ನಾವಿಬ್ಬರೂ ಕತ್ತು ಎತ್ತಿ ಅದು ಬೆಟ್ಟದ ಆಚೆ ಮರೆಯಾಗುವವರೆಗೂ ನೋಡಿದೆವು.

"ಗಂಗವ್ವ ತಗೊಂಡ್ಲು ಬಿಡ್ರಿ" ಅಂದ ಅಂಬಿಗ.

ಗಂಗವ್ವನಿಗೆ ರೆಕ್ಕೆ ಇರುವ ಸಂಗತಿ ಕುಷ್ಟಗಿಯಲ್ಲಿ ನಮಗೆ ಯಾರೂ ಹೇಳಿರಲಿಲ್ಲ.

ಅಂಬಿಗನ ಗಾದಿ

ಅಷ್ಟರಲ್ಲಿ ಅಂಬಿಗನ ಗಾದಿಯ ಕೆಲಸ ಮುಕ್ಕಾಲು ಮುಗಿದಿತ್ತು. ಹತ್ತಿ ಹಿಂಜಿ ತುಂಬಿದ್ದೆ, ಒಂದು ಬದಿಯ ಹೊಲಿಗೆ ಬಾಕಿ ಇತ್ತು. ಹಗ್ಗದ ದಿನ ಬಿದ್ದ ಪೆಟ್ಟಿಗೆ ನನ್ನ ಸೊಂಟ ಇನ್ನೂ ನೋಯುತ್ತಿತ್ತು, ಹರಗೋಲಿನ ಬಿದಿರು ಅದಕ್ಕೇ ಒತ್ತುತ್ತಿತ್ತು. ಒಂದು ದಿನ ಅಂಬಿಗ ಗಂಗಾವತಿ ಸಂತೆಗೆ ಹೋಗಿದ್ದ. ಪಿಂಜಾರನಾಗಿ ಹುಟ್ಟಿ ಬಿದಿರಿನ ಮೇಲೆ ಯಾಕೆ ಕೂಡಬೇಕು? ಗಾದಿಯನ್ನು ಹರಗೋಲಿನಲ್ಲಿ ಹಾಸಿ ಅದರ ಮೇಲೆ ಕುಳಿತು ಹೊರಟೆ. ನವಾಬನಿಗೂ ಅಂಥ ಸವಾರಿ ಇರಲಿಕ್ಕಿಲ್ಲ.

ಹಳೆಯ ಹರಗೋಲು, ಹೊಲಿಗೆಯಲ್ಲಿ ಸ್ವಲ್ಪ ನೀರು ಜಿನುಗುತ್ತಿತ್ತು. ದಿನಾ ಅದು ಕಾಲಿಗೆ ಗೊತ್ತಾಗುತ್ತಿತ್ತು, ಚೊಂಬಿನಿಂದ ಎತ್ತಿ ಚೆಲ್ಲುತ್ತಿದ್ದೆ. ಅಂದು ಗೊತ್ತಾಗಲಿಲ್ಲ. ಬಂದ ನೀರನ್ನೆಲ್ಲ ಗಾದಿ ಕುಡಿಯಿತು. ನಾನು ಹಿಂಜಿದ ಹತ್ತಿ, ಒಂದು ಹನಿ ಹೊರಗೆ ಬಿಡಲಿಲ್ಲ. ಹರಗೋಲು ಭಾರವಾಗುತ್ತ ಆಗುತ್ತ, ಹೊಳೆಯ ನಡುವೆ, ಮರಳಿನ ಮೇಲೆ ಕುಳಿತುಬಿಟ್ಟಿತು. ಗಾದಿಯನ್ನು ಎತ್ತಲು ಹೋದೆ. ಎಮ್ಮೆ ಮಲಗಿದಂತೆ ಮಲಗಿತ್ತು. ಹೊಲಿಯದ ಬಾಯಿ ಹಿಡಿದು ಹೇಗೋ ನೀರಿಗೆ ಉರುಳಿಸಿದ್ದಷ್ಟೆ ಬಂತು. ಖಾಲಿ ಹರಗೋಲು ಎಳೆದುಕೊಂಡು ದಂಡೆಗೆ ಬಂದು ಅಂಬಿಗನ ದಾರಿ ಕಾಯುತ್ತ ಕುಳಿತೆ. ಮೀನೂ ಇಲ್ಲ, ಗಾದಿಯೂ ಹೋಯಿತು, ಇನ್ನು ಇವನು ಹರಗೋಲು ಕೊಡುವುದೂ ಸುಳ್ಳು. ಆ ಸಾಯಂಕಾಲ ಕುಳಿತಲ್ಲೇ ಅತ್ತೆ.

ಹೊತ್ತು ಮುಳುಗುವ ಮುಂದೆ ಅಂಬಿಗ ಬಂದ. ಹೊಳೆಯ ನಡುವೆ ಬೆಳ್ಳಗೆ ಬಿದ್ದದ್ದನ್ನು ನೋಡಿ ಯಾರದದು ಎಂದ.

"ನಿಂದ" ಅಂದೆ.

ಅವನು ಬೈಯಲಿಲ್ಲ. ಬೈಗುಳ ಹುಡುಕುತ್ತಿದ್ದನೆಂದು ಕಾಣುತ್ತದೆ. ಇಬ್ಬರೂ ಮೊಣಕಾಲು ನೀರಿನಲ್ಲಿ ನಡೆದುಹೋಗಿ ಗಾದಿಯ ಒಂದೊಂದು ಮೂಲೆ ಹಿಡಿದು ಮರಳಿನ ದಿಬ್ಬಕ್ಕೆ ಎಳೆದೆವು. ಹೊಲಿಯದ ಬಾಯಿ ಸೆಳವಿಗೆ ಎದುರಾಗಿ ತೆರೆದುಕೊಂಡಿತ್ತು. ಎಳೆದ ರಭಸಕ್ಕೆ ಒಳಗಿನ ಹತ್ತಿ ಹೊರಗೆ ಬಿತ್ತು, ಹತ್ತಿಯ ಜೊತೆಗೆ ಏನೋ ಮಿನುಗಿತು. ಬೆರಳುದ್ದದ ಮೀನುಗಳು! ಬಿಸಿಲಿಗೆ ತಂಪು ಹುಡುಕಿಕೊಂಡು ಒಳಹೊಕ್ಕು ಹತ್ತಿಯಲ್ಲಿ ಸಿಕ್ಕಿಬಿದ್ದಿದ್ದವು. ನಾನು ಮಂಡಿಯೂರಿ ಎರಡೂ ಕೈಯಿಂದ ಬಾಚಿ ಬಾಚಿ ಹಿಡಿದೆ. ನನ್ನ ಕೈಯಿಂದಲೇ.

ಅಂಬಿಗ ತನ್ನ ಗಾದಿಯನ್ನು ನೋಡಿದ, ಮೀನನ್ನು ನೋಡಿದ.

"ನಮ್ಮಪ್ಪ, ನಮ್ಮಜ್ಜ ಬಲಿ ಬೀಸಿ ಬೀಸಿ ರಟ್ಟಿ ಮುರಕೊಂಡ ಸತ್ರು. ಹಾಸಿಗಿ ಹಾಸಿ ಮಲಗಿಸಿ ಮೀನ ಹಿಡದಾತನ್ನ ಇವತ್ತ ನೋಡಿದೆ" ಅಂದ.

ಆ ಗಾದಿ ಬಂಡೆಯ ಮೇಲೆ ಒಣಗುವವರೆಗೆ ಅವನು ನಮ್ಮ ಕಟ್ಟೆಯ ಮೇಲೆಯೇ ಮಲಗಿದ. ನನ್ನ ಕಮಾನಿನ ಹುರಿಯಲ್ಲೂ ಮೀನಿನ ವಾಸನೆ, ಅವನ ಗಾದಿಯಲ್ಲೂ ಮೀನಿನ ವಾಸನೆ. ಮುಂದೆ ಎಷ್ಟೋ ವರ್ಷ ಊರಿನ ಬೆಕ್ಕುಗಳೆಲ್ಲ ಅವನ ಮನೆಯಲ್ಲೇ ಮಲಗುತ್ತಿದ್ದವು.

ಕಿವಿ

ಆ ಮೀನಿನ ಸಾರನ್ನು ಅವಳು ಮುದುಕಿಯ ಎದುರಿಗೇ ಉಂಡಳು. ಎಷ್ಟು ತೊಳೆದರೂ ಹತ್ತಿಯ ಎಳೆ ಹೋಗಿರಲಿಲ್ಲ. ಮೂರನೆಯ ತುತ್ತಿಗೆ ಅವಳ ಬಾಯಿಂದ ಉದ್ದನೆಯ ಎಳೆಯೊಂದು ಬಂತು. ಅದನ್ನು ಬೆರಳಲ್ಲಿ ಹಿಡಿದು ನೋಡಿದಳು, ನನ್ನನ್ನು ನೋಡಿದಳು, ನಕ್ಕಳು. ಎರಡನೆಯ ಕೂಸು ಹೋದ ಮೇಲೆ ಆ ನಗು ಅದೇ ಮೊದಲು. ನಾನು ನೀರು ಕುಡಿಯುವ ನೆವ ಮಾಡಿ ಹಿತ್ತಿಲಿಗೆ ಹೋಗಿ ಗೋಡೆಗೆ ಹಣೆ ಹಚ್ಚಿ ನಿಂತೆ.

ಹೊಳೆ ತುಂಬಿ ಹರಿಯುವ ಕಾಲಕ್ಕೆ ಅವಳಿಗೆ ನೋವು ಬಂತು. ಮುದುಕಿ ನನ್ನನ್ನು ಹೊರಗೆ ಅಟ್ಟಿ ಬಾಗಿಲು ಹಾಕಿಕೊಂಡಳು. ಒಳಗೆ ಸದ್ದು ಕೇಳಿದರೂ ಹೆದರಿಕೆ, ಕೇಳದಿದ್ದರೂ ಹೆದರಿಕೆ. ಕಮಾನು ತೆಗೆದು ಒಂದೇ ಸಮನೆ ಹತ್ತಿ ಹಿಂಜತೊಡಗಿದೆ. ಅಂಗಳವೆಲ್ಲ ಬೆಳ್ಳಗಾಯಿತು. ಕೊನೆಗೆ ಮುದುಕಿ ಬಂದು ನನ್ನ ಕೈ ಹಿಡಿದು ನಿಲ್ಲಿಸಿದಳು. ಆಗ ಒಳಗಿನ ಅಳು ಕೇಳಿಸಿತು. ಗಂಡು ಕೂಸು.

ಆದರೂ ನಾವು ಸಂತೋಷಪಡಲು ಧೈರ್ಯ ಮಾಡಲಿಲ್ಲ. ಹೆಸರಿಡುವ ದಿನ ದಾಟಿತು. ಆಗ ಅವಳು ತಾನಾಗಿಯೇ, "ಒಂದ್ ಸಾಸ್ವಿ ದಿಂಬ ಹೊಲೀರಿ" ಅಂದಳು. ಹೊಲಿದೆ. ಸೂಜಿ ಎಷ್ಟು ಸಲ ಬೆರಳಿಗೆ ಚುಚ್ಚಿತೋ. ಹಲ್ಲು ಮೂಡುವ ಕಾಲ ಬಂತು, ಎರಡನೆಯದು ಹೋದ ಕಾಲ. ಆ ದಿನಗಳಲ್ಲಿ ನಾವು ಪಾಳಿ ಹಾಕಿಕೊಂಡು ಅದರ ಉಸಿರು ನೋಡುತ್ತ ಕುಳಿತಿರುತ್ತಿದ್ದೆವು.

ಒಂದು ಬೆಳಿಗ್ಗೆ ಅವಳು ಕೂಸನ್ನು ಎದೆಗವಚಿಕೊಂಡು ಅಂಗಳಕ್ಕೆ ಓಡಿಬಂದಳು. ಮುಖದಲ್ಲಿ ರಕ್ತವಿರಲಿಲ್ಲ. ಇದೂ ಹೋಯಿತು ಎಂದುಕೊಂಡೆ. ಅವಳು ದಿಂಬು ಮುಂದೆ ಚಾಚಿದಳು. ಒಂದು ಮೂಲೆ ಒದ್ದೆಯಾಗಿತ್ತು.

"ಕಿವಿ ಸೋರಾಕತ್ತೈತ್ರಿ" ಅಂದಳು.

ಕೂಸು ಅವಳ ತೋಳಿನಲ್ಲಿ ಎರಡು ಹಲ್ಲು ತೋರಿಸಿ ನನ್ನ ಗಡ್ಡ ಹಿಡಿದು ಎಳೆಯುತ್ತಿತ್ತು. ಗೋಡೆಯ ಆಚೆಯಿಂದ ಮುದುಕಿ ಬಂದು ಕಿವಿ ಮೂಸಿ ನೋಡಿ ತೀರ್ಪು ಕೊಟ್ಟಳು. ಆ ಮೀನನ್ನು ಅರ್ಧ ಅಪ್ಪ ಹಿಡಿದ, ಅರ್ಧ ಗಾದಿ ಹಿಡಿಯಿತು. ಅದಕ್ಕೇ ಜೀವ ನಿಂತಿತು, ಕಿವಿ ಸೋರಿತು. ಹೆದರಬೇಡಿ, ದೊಡ್ಡವನಾದಂತೆ ನಿಲ್ಲುತ್ತದೆ ಅಂದಳು. ನನಗೆ ಮಾತ್ರ ನಾನೇ ಆಡಿದ್ದ ಮಾತು ನೆನಪಾಯಿತು. ಎರಡು ಕೂಸಿಗಾಗಿ ಕೈಯೊಡ್ಡಿ ಬೇಡಿದ್ದರಲ್ಲಿ ಒಂದನ್ನೂ ಕೇಳಿಸಿಕೊಳ್ಳದ ದೇವರು, ಸಿಟ್ಟಿನಲ್ಲಿ ಬಾಗಿಲಲ್ಲಿ ನಿಂತು ಅಂದದ್ದೊಂದನ್ನು ಚಾಚೂ ತಪ್ಪದೆ ನಡೆಸಿಕೊಟ್ಟಿದ್ದ.

ದಿನಾ ಹೀಗೆ ಸೋರಿದರೆ ಏನು ಮಾಡುವುದು ಎಂದು ಹೆಂಡತಿಯನ್ನು ಕೇಳಿದೆ. ಅವಳು ಅಂಗಳದಲ್ಲಿ ನಾನು ಹಿಂಜಿ ಹಾಕಿದ್ದ ರಾಶಿಯಿಂದ ಒಂದು ಎಳೆ ಕಿತ್ತು, ಬೆರಳಲ್ಲಿ ಹೊಸೆದು, ಕೂಸಿನ ಕಿವಿ ಒರೆಸುತ್ತ ನಕ್ಕಳು.

"ಸೋರ್ಲಿ ಬಿಡ್ರಿ. ಪಿಂಜಾರ್ರ ಮನ್ಯಾಗ ಹತ್ತಿಗೇನ ಬರಾ ಬಂದೈತಿ?"